ಮುಂದಿನ ಹೆಗಲು

ಬಾಗಿದ್ದು ಮೊಣಕಾಲೋ, ಮಹಾರಾಜನೋ?

ಮೊಣಕಾಲೇ ಇರಬೇಕು. ಬಲಗಾಲಿನ ಚಿಪ್ಪಿನ ಕೆಳಗೆ ಸೂಜಿ ಚುಚ್ಚಿದಂತಾಗಿ ಕಾಲು ಒಳಕ್ಕೆ ಮಡಚಿಕೊಂಡಿತ್ತಲ್ಲ. ಆದರೆ ಫತೇ ಚಂದ್ ಪ್ರಶ್ನೆ ಮುಗಿಸಿದ ಗಳಿಗೆಯಲ್ಲೇ ಯಾಕೆ ಮಡಚಿಕೊಳ್ಳಬೇಕು? ಅದಕ್ಕೆ ಮುಂಚೆ ಅಷ್ಟು ಹೊತ್ತು ಪಲ್ಲಕ್ಕಿ ಹೊತ್ತು ನಿಂತಿದ್ದಾಗ ತಣ್ಣಗಿದ್ದ ಕಾಲು ಅದು. ಹಾಗಾದರೆ ಮಹಾರಾಜನೇ. ಆದರೆ ಮಹಾರಾಜ ಅಲುಗುವುದು ಹೇಗೆಂದು ಲೋತ್ ರಾಮನಿಗೆ ಗೊತ್ತು. ಮೊದಲು ಭಾರ ಇಳಿಯುತ್ತದೆ. ತುಂಬಿದ ಬಿಂದಿಗೆಯನ್ನು ಹಿಂದಿನಿಂದ ಯಾರೋ ತುಸು ಎತ್ತಿ ಹಿಡಿದ ಹಾಗೆ. ಆಮೇಲೆ ಕಾಲು ಹೋಗುತ್ತದೆ, ಕಾಲಿನ ಹಿಂದೆ ಮನಸ್ಸು ಬರುತ್ತದೆ. ಅವತ್ತು ಭಾರ ಇಳಿದಿರಲಿಲ್ಲ. ಹೆಚ್ಚಿತ್ತು.

ಹಾಗಾದರೆ ಮೊಣಕಾಲೇ.

ಲೋತ್ ರಾಮ್ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು ಕೊನೆಯ ಕೊಯ್ಲಿನ ಸೇಬು ಆರಿಸುತ್ತಿದ್ದ. ಕೈಯಲ್ಲಿದ್ದದ್ದು ಒಂದೇ ಹಣ್ಣು. ಅದನ್ನೇ ತಿರುಗಿಸುತ್ತಿದ್ದ.

"ಏನ್ ಭಾಯ್, ಸೇಬಿಗೆ ಜಾತಕ ನೋಡ್ತಿದ್ದೀಯಾ?" ಬೇಲಿಯಾಚೆಯಿಂದ ಡಾಬೇ ರಾಮ್ ಕೂಗಿದ. "ಆಗ್ಲಿಂದ ನೋಡ್ತಿದ್ದೀನಿ, ಅದನ್ನ ಬಿಡ್ತಾನೇ ಇಲ್ಲ."

"ಕಲೆ ಇದೆಯಾ ಅಂತ ನೋಡ್ದೆ."

"ಕಲೆ ಹಣ್ಣಲ್ಲಿಲ್ಲ. ನಿನ್ನ ಮುಖದಲ್ಲಿದೆ."

ಕೋಟ್ಲಾದ ಊರದೇವರು ನಾಗ ಮಹಾರಾಜನ ಪಲ್ಲಕ್ಕಿಗೆ ಮುಂದಿನ ಹೆಗಲು ಲೋತ್ ರಾಮನದು, ಹಿಂದಿನದು ಡಾಬೇ ರಾಮನದು. ಇಬ್ಬರ ಅಪ್ಪಂದಿರೂ ಹಾಗೇ ಒಬ್ಬರ ಹಿಂದೊಬ್ಬರು ನಡೆದವರು. ಪಲ್ಲಕ್ಕಿಯ ಎರಡು ಉದ್ದನೆಯ ಕೋಲುಗಳು ಇಬ್ಬರ ಹೆಗಲ ಮೇಲೂ ಬಳುಕುತ್ತವೆ. ನಡುವೆ ಚೆಂಡು ಹೂವಿನಲ್ಲಿ ಮುಳುಗಿ ಬೆಳ್ಳಿಯ ಮುಖಗಳು, ಮೇಲೆ ಚಮರೀಮೃಗದ ಕಪ್ಪು ಕೂದಲು. ಊರಿಗೆ ಏನೇ ತೀರ್ಮಾನ ಆಗಬೇಕಾದರೂ ಪಲ್ಲಕ್ಕಿ ಎತ್ತಿಸಿ ಕೇಳುವುದು. ಮುಂದಕ್ಕೆ ಬಾಗಿದರೆ ಹೌದು. ಹಿಂದಕ್ಕೆ ಜರುಗಿದರೆ ಇಲ್ಲ. ಅಲುಗದೆ ನಿಂತರೆ, ಕೇಳಿದವನೇ ಸರಿಯಿಲ್ಲ.

ಈ ಸಲ ಕೇಳಿದವನು ದೇವಸ್ಥಾನದ ಕಾರದಾರ ಫತೇ ಚಂದ್. ದೇವರ ಆಸ್ತಿ, ಪಾತ್ರೆ, ಪ್ರಯಾಣ ಎಲ್ಲ ನೋಡಿಕೊಳ್ಳುವವನು. ವರ್ಷಾವರ್ಷ ಕುಲ್ಲುವಿನ ದಸರೆಗೆ ನಾಗ ನಡೆದೇ ಹೋಗುತ್ತಾನೆ, ಜಲೋರಿ ಎಂಬ ಎತ್ತರದ ಕಣಿವೆದಾರಿ ಹತ್ತಿ ಇಳಿದು, ದಿನಗಟ್ಟಲೆ. ಫತೇ ಚಂದನ ಪಾದಗಳು ಊದುತ್ತವೆ. ಕಹಳೆಯವರು ಗೊಣಗುತ್ತಾರೆ. ಹೋದ ವರ್ಷ ದಾರಿಯಲ್ಲಿ ನಗಾರಿಯವನೊಬ್ಬ ಜ್ವರ ಬಂದು ಮಲಗಿದ್ದ. ಹಾಗಾಗಿ ಊರೆಲ್ಲ ಸೇರಿಸಿ, ಕೈ ಮುಗಿದು, ಫತೇ ಚಂದ್ ಕೇಳಿದ್ದ: "ಮಹಾರಾಜ್, ಈ ಸಲ ದಸರೆಗೆ ಗಾಡಿಯಲ್ಲಿ ದಯಮಾಡಿಸ್ತೀಯಾ?"

ಪಲ್ಲಕ್ಕಿ ಮುಂದಕ್ಕೆ ಬಾಗಿತ್ತು. ಎಷ್ಟು ಬಾಗಿತ್ತೆಂದರೆ ಎದುರಿಗಿದ್ದ ಪೂಜಾರಿಯ ಟೋಪಿ ಬಿದ್ದುಹೋಗಿತ್ತು. ಇಷ್ಟು ಸ್ಪಷ್ಟವಾದ ಉತ್ತರವನ್ನು ಯಾರೂ ಈಚೆಗೆ ಕಂಡಿರಲಿಲ್ಲ. ಜನ ಜೈಕಾರ ಹಾಕಿದ್ದರು.

"ನಿಂಗೇನಪ್ಪಾ ಬೇಜಾರು?" ಡಾಬೇ ರಾಮ್ ಬೇಲಿ ದಾಟಿ ಬಂದು, ಆರಿಸಿಟ್ಟಿದ್ದರಲ್ಲಿ ಒಳ್ಳೆಯದನ್ನೇ ತೆಗೆದು ಕಚ್ಚಿದ. "ಜುಮ್ಮಂತ ಗಾಡಿಯಲ್ಲಿ ಹೋಗ್ತೀವಿ. ಮಹಾರಾಜನಿಗೆ ಮುಂದಿನ ಸೀಟು. ಬೆಲ್ಟು ಹಾಕ್ಬೇಕೋ ಬೇಡ್ವೋ, ಪೊಲೀಸರನ್ನ ಕೇಳ್ಬೇಕು."

"ಬಾಯಿ ಮುಚ್ಚು. ಪಾಪ ಬರುತ್ತೆ."

"ಒಂದೇ ಬೇಜಾರು ನೋಡು. ಘಾಟೂಲಿಯಲ್ಲಿ ಬಿಂದ್ರಾ ದೀದಿ ಮಾಡೋ ಸಿಡ್ಡು. ಆ ಅಕ್ರೋಟಿನ ಹೂರಣ, ಮೇಲೆ ತುಪ್ಪ. ಅದು ತಪ್ಪಿಹೋಯ್ತಲ್ಲ." ಅವನು ಸೇಬಿನ ದಿಂಡನ್ನು ದೂರ ಎಸೆದ. "ಗಾಡಿ ರಸ್ತೆ ಘಾಟೂಲಿಗೆ ಹೋಗಲ್ಲ."

ಲೋತ್ ರಾಮ್ ಹಣ್ಣು ತಿರುಗಿಸುವುದನ್ನು ನಿಲ್ಲಿಸಿದ.

ಘಾಟೂಲಿ ಜಲೋರಿಯ ಆಚೆ, ಶೋಜಾದ ಕೆಳಗೆ, ಹಳೆಯ ಕುದುರೆ ದಾರಿಯ ಮೇಲಿದೆ. ಹೊಸ ರಸ್ತೆ ಹಳ್ಳದ ಆ ದಂಡೆಯಲ್ಲೇ ಸುತ್ತಿ ಹೋಗಿಬಿಟ್ಟಿತು. ಕೋಟ್ಲಾದ ಹೆಣ್ಣುಮಕ್ಕಳು ಹಿಂದಿನಿಂದಲೂ ಕಣಿವೆ ದಾಟಿ ಆ ಕಡೆಗೆ ಮದುವೆಯಾಗಿ ಹೋದವರು. ಚಳಿಗಾಲದಲ್ಲಿ ಹಿಮ ಬಿದ್ದು ಜಲೋರಿ ಮುಚ್ಚಿದರೆ ಈ ಕಡೆಯವರು ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ಪಕ್ಕದ ಜಿಲ್ಲೆಗಳನ್ನೆಲ್ಲ ಸುತ್ತಬೇಕು. ಎರಡೂ ಕಡೆ ಸೇರಿ ಒಂದೇ ಜಿಲ್ಲೆ ಎಂದು ನಕ್ಷೆಯಲ್ಲಿ ಬರೆದವರು ಸರ್ಕಾರದವರು. ಪ್ರತಿ ವರ್ಷ ನಡೆದು ತೋರಿಸುವವನು ನಾಗ. ಅವನು ಒಂದು ರಾತ್ರಿ ಬಿಂದ್ರಾಳ ಅಂಗಳದಲ್ಲಿ ತಂಗುತ್ತಾನೆ. ಆ ಕಡೆಯ ಹಳ್ಳಿಗಳಿಂದ ಕೋಟ್ಲಾದ ಹೆಣ್ಣುಮಕ್ಕಳೆಲ್ಲ, ಮುದುಕಿಯರಾದವರೂ, ಬಂದು ಕೋಲು ಮುಟ್ಟುತ್ತಾರೆ. ತವರೇ ಕಣಿವೆ ಹತ್ತಿ ತಮ್ಮನ್ನು ನೋಡಲು ಬಂದ ಹಾಗೆ.

ಬಿಂದ್ರಾ ಲೋತ್ ರಾಮನ ಅಕ್ಕ. ಅವ್ವ ಬೇಗ ಹೋದಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹುಲ್ಲು ಕೊಯ್ದವಳು.

* * *

ಮರುದಿನವೇ ಅವಳ ಫೋನು ಬಂತು. ಬಿಂದ್ರಾ ಫೋನಿನಲ್ಲಿ ಮಾತಾಡುವುದೆಂದರೆ ಎದುರಿನ ಬೆಟ್ಟಕ್ಕೆ ಕೂಗಿದ ಹಾಗೆ.

"ಲೋತೂ! ನಿಜವೇನೋ?"

"ಏನು ದೀದಿ?"

"ಏನು ಅಂತೆ! ಕಣಿವೆ ಆಚೆಯ ಸುದ್ದಿ ಇಲ್ಲಿ ಹಾಲು ಕಾಯೋಕ್ಕೆ ಮುಂಚೆ ಬರುತ್ತೆ. ಮಹಾರಾಜ ಗಾಡಿ ಹತ್ತುತ್ತಾನಂತಲ್ಲ?"

"ಹೂಂ."

"ಮುಂದೆ ನೀನೇ ಇದ್ದೆ. ನಿಜವಾಗ್ಲೂ ಬಾಗಿದನಾ?"

"ಬಾಗ್ದ ದೀದಿ."

"ಚೆನ್ನಾಗಿ ಬಾಗಿದನಾ, ಸುಮ್ನೆ ಒಂದಿಷ್ಟು ತಲೆ ಆಡ್ಸಿದನಾ?"

"ಚೆನ್ನಾಗೇ."

ಅವಳ ಅಂಗಳದ ಕೋಳಿಗಳ ಕೊಕ್ಕೊಕ್ ಕೇಳುತ್ತಿತ್ತು. ಆಮೇಲೆ ಬಿಂದ್ರಾ, ಅವಳ ಮಟ್ಟಿಗೆ ಮೆಲ್ಲಗೆ, ಅಂದಳು: "ಸರಿ ಬಿಡು. ಅವನಿಗೂ ವಯಸ್ಸಾಯ್ತು."

"ನಾನು ಬಸ್ಸಿಗೆ ಬರ್ತೀನಿ ದೀದಿ. ದಸರೆ ಮುಗಿಸ್ಕೊಂಡು."

"ಬಾ. ಬೇಡ ಅಂದೋರು ಯಾರು. ನೀನು ಬಂದ್ರೆ ನೀನೊಬ್ಬ ಬಂದ ಹಾಗೆ." ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ಅವನು ಬಂದ್ರೆ ಊರೇ ಬಂದ ಹಾಗೆ. ಅವ್ವನೂ ಬಂದ ಹಾಗೆ. ಇರ್ಲಿ. ನಿನ್ನ ಮೊಣಕಾಲು ಹೇಗಿದೆ? ಜರ್ದಾಳು ಬೀಜದ ಚುಲ್ಲಿ ಎಣ್ಣೆ ಕಳಿಸಿದ್ನಲ್ಲ, ತಿಕ್ಕೊಂಡ್ಯಾ?"

ಆ ಮೊಣಕಾಲು ಅವ್ವನದು. ಅವ್ವನಿಂದ ಬಿಂದ್ರಾಳಿಗೆ, ಬಿಂದ್ರಾಳಿಂದ ಅವನಿಗೆ ಬಂದದ್ದು. ಬಿಂದ್ರಾ ಈಗ ಕೋಲೂರಿ ನಡೆಯುತ್ತಾಳೆ. ಅವನ ಕಾಲಿನ ಸಂಗತಿ ಜಗತ್ತಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ ಎಂದುಕೊಂಡಿದ್ದ.

"ಏನೂ ಇಲ್ಲ ದೀದಿ. ಚೆನ್ನಾಗಿದೆ."

"ಚೆನ್ನಾಗಿದ್ಯಾ?"

"ಹೂಂ, ಚೆನ್ನಾಗಿದೆ."

ಮೊದಲು ಫೋನಿಟ್ಟವಳು ಅವಳೇ.

ಹೇಳಿಬಿಟ್ಟರೆ ಮುಗಿಯುತ್ತಿತ್ತು. ಹೇಳಿದರೆ ಮುಂದಿನ ಹೆಗಲು ಮುಗಿಯುತ್ತಿತ್ತು. ಕೋಲು ಹೊತ್ತವನ ತಪ್ಪಿಗೆ ದೇವರು ಬಾಗಿದನೆಂದಾದರೆ ಆ ಮನೆಯವರು ಬಲಿಗೆ ಆಡು ಕೊಟ್ಟು ಕೋಲು ಇಳಿಸಬೇಕು. ಅದು ಮುಂದಿನ ಮನೆಗೆ ಹೋಗುತ್ತದೆ. ಮುಂದಿನ ಮನೆ ಫತೇ ಚಂದನದು. ಲೋತ್ ರಾಮನಿಗೆ ಇರುವವರು ಹೆಣ್ಣುಮಕ್ಕಳು. ಅವನ ನಂತರ ಕೋಲು ಹೇಗೂ ಆ ಮನೆಗೇ. ಆದರೆ ನಂತರ. ಭಾರ ಹೆಚ್ಚು ಬೀಳುವ ಅವನ ಎಡ ಹೆಗಲ ಮೇಲೆ ಕೋಲು ಕೂತು ಕೂತು ಒಂದು ಗಟ್ಟಿ ಗಂಟಾಗಿದೆ. ಅಂಗಿ ಹೊಲಿಯುವವನು ಅದಕ್ಕೆಂದೇ ಆ ಕಡೆ ಒಂದಿಷ್ಟು ಬಟ್ಟೆ ಹೆಚ್ಚು ಬಿಡುತ್ತಾನೆ. ಕೋಲಿಲ್ಲದ ದಿನ ಆ ಗಂಟನ್ನು ಏನು ಮಾಡುವುದೆಂದು ಅವನಿಗೆ ತಿಳಿಯದು.

* * *

ದೇವರ ಮಾತು ಹೇಳುವ ಗೂರ್ ಖ್ಯಾಲೂ, ತನ್ನ ಮನೆಯ ಮರದ ಜಗಲಿಯಲ್ಲಿ ಬಿಸಿಲಿಗೆ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದ. ಗೂರ್ ಆದವನು ಕೂದಲು ಕತ್ತರಿಸುವಂತಿಲ್ಲ. ಅವನ ಬಿಳಿ ಕೂದಲೆಲ್ಲ ಟೋಪಿಯೊಳಗೆ ಸುರುಳಿ ಸುತ್ತಿ ಕೂತಿತ್ತು. ಗಾಡಿಯ ವಿಷಯದಲ್ಲಿ ಅವನು ಈವರೆಗೆ ಒಂದು ಮಾತೂ ಆಡಿರಲಿಲ್ಲ.

ಲೋತ್ ರಾಮ್ ಬೆಳೆಯ ಸುದ್ದಿ, ಮಂಗಗಳ ಸುದ್ದಿ ಎಲ್ಲ ಮುಗಿಸಿದ. ಆಮೇಲೆ ಕೇಳಿದ. "ಚಾಚಾ, ಮಹಾರಾಜ ಅಲುಗ್ತಾನಲ್ಲ. ಅದು ಹೊತ್ತವನ ಮೈಯಲ್ಲಿ ಎಲ್ಲಿಂದ ಶುರುವಾಗುತ್ತೆ?"

"ನಿಮ್ಮಪ್ಪ ನಿನ್ನ ಶಾಲೆಗೆ ಕಳಿಸ್ದಾಗಲೇ ನಾನಂದೆ, ಬೇಡ ಅಂತ."

"ಹಾಗಲ್ಲ. ಒಂದು ವೇಳೆ ಹೊತ್ತವನು ಎಡವಿದ್ರೆ?"

ತಕಲಿ ತಿರುಗುತ್ತಲೇ ಇತ್ತು. "ಎಡವಿದವನು ಎಡವಿದೆ ಅನ್ಬೇಕು. ಅಲ್ಲಿಗಲ್ಲೇ. ಹಸಿ ಇರುವಾಗಲೇ. ಆಡು ಕೊಡ್ಬೇಕು, ಕೋಲು ಬಿಡ್ಬೇಕು, ಹಿಂದೆ ಹೋಗಿ ಕಹಳೆಯವರ ಜೊತೆ ನಡೀಬೇಕು. ಅದರಲ್ಲೇನಿದೆ, ಅಲ್ಲೂ ಲುಗ್ಡಿ ಹೆಂಡ ಕೊಡ್ತಾರೆ ಕುಡಿಯೋಕ್ಕೆ."

"ಆಮೇಲೆ ಹೇಳಿದ್ರೆ?"

"ಆಮೇಲೆ ಹೇಳಿದ್ರೆ ಇಷ್ಟು ದಿನ ಊರೆಲ್ಲ ಮೊಣಕಾಲಿಗೆ ಜೈ ಅಂದ ಹಾಗಾಗುತ್ತೆ."

ಲೋತ್ ರಾಮ್ ಬೆಚ್ಚಿಬಿದ್ದ. "ನಾನು ಮೊಣಕಾಲು ಅನ್ಲಿಲ್ಲ, ಚಾಚಾ."

"ನಾನೂ ನಿನ್ನದು ಅನ್ಲಿಲ್ಲ." ಮುದುಕ ಕಿತ್ತುಹೋದ ನೂಲನ್ನು ಉಗುಳು ಹಚ್ಚಿ ಸೇರಿಸಿದ. "ಮಹಾರಾಜ ಗಾಳಿಯನ್ನ ಬಳಸ್ತಾನೆ, ಮರವನ್ನ ಬಳಸ್ತಾನೆ. ಕುಂಟುಗಾಲನ್ನ ಬಳಸಲ್ಲ ಅಂತ ನಾನು ಹೇಗೆ ಹೇಳ್ಲಿ? ನಾನು ಅವನ ಬಾಯಿ. ಅಪ್ಪ ಅಲ್ಲ."

ಅಲ್ಲಿಂದ ಎದ್ದು ಬರುವಾಗ ಲೋತ್ ರಾಮನಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಮಹಾರಾಜ ನಿಜವಾಗಿಯೂ ಅವ್ವನ ಮೊಣಕಾಲನ್ನು ಬಳಸಿಕೊಂಡು ಬಿಂದ್ರಾಳ ಅಂಗಳವನ್ನು ತಪ್ಪಿಸಿದನೆಂದರೆ, ಅದು ಎಡವಿದ್ದಕ್ಕಿಂತ ಕೆಟ್ಟದ್ದು.

* * *

ಹೊರಡುವ ದಿನ ಫತೇ ಚಂದನ ಅಳಿಯನ ಗಾಡಿ ರಸ್ತೆಯ ಕೊನೆಯಲ್ಲಿ ಮದುಮಗನಂತೆ ನಿಂತಿತ್ತು. ಮೈತುಂಬ ಚೆಂಡು ಹೂವು, ಕನ್ನಡಿಗಳಿಗೆ ಜರಿ. ಹಿಂದೆ ಹೊಸ ಕಂಬಳಿ ಹಾಸಿ, ಪಲ್ಲಕ್ಕಿ ಅಲುಗದಂತೆ ಹುಲ್ಲಿನ ದಿಂಬು ಜೋಡಿಸಿದ್ದರು. ಕಹಳೆಯವರು, ನಗಾರಿಯವರು ತಮ್ಮ ಗಂಟುಮೂಟೆಗಳನ್ನು ಆಗಲೇ ಒಳಗೆ ಹಾಕಿ ಒಳ್ಳೆಯ ಜಾಗಕ್ಕಾಗಿ ಕಿತ್ತಾಡುತ್ತಿದ್ದರು.

"ಕರ್ನಾಲ್ ಕಹಳೆ ಉದ್ದ ಇದೆ ಕಣೋ, ಕಿಟಕಿಯಿಂದ ಹೊರಗೆ ಬಿಡು."

"ತಿರುವಿನಲ್ಲಿ ಬಸ್ಸಿನವನ ಕಣ್ಣಿಗೆ ಹೋಗುತ್ತೆ."

"ಹೋಗ್ಲಿ ಬಿಡು, ಹಾರನ್ ಖರ್ಚು ಉಳೀತು."

ಮೇಲೆ ಗುಡಿಯ ಅಂಗಳದಲ್ಲಿ ಲೋತ್ ರಾಮ್ ಸೆಣಬಿನ ಪಾದರಕ್ಷೆ ಕಟ್ಟಿಕೊಂಡು, ಪೈಜಾಮದೊಳಗೆ ಮೊಣಕಾಲಿಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಬಂದ. ಅವನೂ ಡಾಬೇ ರಾಮನೂ ಪಲ್ಲಕ್ಕಿ ಎತ್ತಿದರು. ರಸ್ತೆಯವರೆಗೆ ಇಳಿಸುವುದಷ್ಟೇ ಕೆಲಸ. ಜೈಕಾರವಾಯಿತು. ನರಸಿಂಗ ಕಹಳೆ ಊದಿದರು.

ಅಷ್ಟರಲ್ಲಿ ಅಂಗಳದ ಕಲ್ಲಿನ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು. ಟಕ್, ಆಮೇಲೆ ಉಸಿರು. ಟಕ್, ಆಮೇಲೆ ಉಸಿರು. ಮೊದಲು ಕೆಂಪು ಥಿಪ್ಪು ವಸ್ತ್ರ ಕಟ್ಟಿದ ತಲೆ ಕಂಡಿತು, ಆಮೇಲೆ ಬೂದು ಬಣ್ಣದ ಉಣ್ಣೆಯ ಪಟ್ಟು ಉಟ್ಟ ಬಿಂದ್ರಾ.

ಹಿಂದಿನ ದಿನದ ಬಸ್ಸಿಗೆ ಬಂದು ಕೆಳಗಿನ ಕೇರಿಯಲ್ಲಿ ಗೆಳತಿಯ ಮನೆಯಲ್ಲಿ ಉಳಿದಿದ್ದಳಂತೆ. ತಮ್ಮನಿಗೂ ಹೇಳಿರಲಿಲ್ಲ.

"ಅರೆ ಬಿಂದ್ರಾ!" ಫತೇ ಚಂದನ ಮುಖ ಅರಳಿತು. "ಒಳ್ಳೇ ಹೊತ್ತಿಗೆ ಬಂದೆ. ಗಾಡಿಯಲ್ಲಿ ಜಾಗ ಇದೆ, ನಿನ್ನನ್ನೂ ಕರ್ಕೊಂಡು ಹೋಗ್ತೀವಿ."

"ಜಾಗ ಆಮೇಲೆ ನೋಡೋಣ ಕಾರದಾರ್‌ಜೀ. ಒಂದು ಮಾತು ಕೇಳ್ಬೇಕು."

"ಕೇಳಮ್ಮಾ, ಕೇಳು."

"ನಿಮ್ಮನ್ನಲ್ಲ."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಫತೇ ಚಂದ್ ಆಕಡೆ ಈಕಡೆ ನೋಡಿ ಪಕ್ಕಕ್ಕೆ ಸರಿದ. ಸರಿಯದೆ ಬೇರೆ ದಾರಿ ಇರಲಿಲ್ಲ. ಮದುವೆಯಾಗಿ ಹೋದ ಮಗಳು ಪಲ್ಲಕ್ಕಿಯ ಎದುರು ಬಂದು ನಿಂತರೆ ತಡೆಯುವ ಹಕ್ಕು ಕೋಟ್ಲಾದಲ್ಲಿ ಯಾರಿಗೂ ಇಲ್ಲ.

ಬಿಂದ್ರಾ ಕೋಲನ್ನು ಪಕ್ಕದವಳ ಕೈಗೆ ಕೊಟ್ಟಳು. ಕೈ ಮುಗಿದಳು. ಅವಳ ಕಣ್ಣು ಬೆಳ್ಳಿಯ ಮುಖಗಳ ಮೇಲಿತ್ತು. ಅದರ ಕೆಳಗೇ ಇದ್ದ ತಮ್ಮನ ಮುಖವನ್ನು ನೋಡಲಿಲ್ಲ.

"ಮಹಾರಾಜ್, ಗಾಡಿಯಲ್ಲಿ ಹೋಗ್ತೀಯಂತೆ. ಹೋಗು. ಸುಖವಾಗಿ ಹೋಗು, ನಾನು ಬೇಡ ಅನ್ನೋಳಲ್ಲ. ನಾನೂ ಬಸ್ಸಲ್ಲೇ ಬಂದೆ, ಬಸ್ಸು ಚೆನ್ನಾಗಿದೆ. ಒಂದೇ ಮಾತು. ಘಾಟೂಲಿಯಲ್ಲಿ ನಿನ್ನ ಹೆಣ್ಮಕ್ಕಳು ನಾವು ಅಂಗಳ ಸಾರಿಸ್ಬೇಕಾ, ಬೇಡ್ವಾ? ಅದನ್ನ ನೀನೇ ಹೇಳಿಬಿಡು. ಬೇಡ ಅಂದ್ರೆ ಈ ವಯಸ್ಸಲ್ಲಿ ಸೊಂಟ ಬಗ್ಗಿಸೋದು ಉಳೀತು."

ನರಸಿಂಗ ನಿಂತಿತು. ಕೆಳಗೆ ಗಾಡಿಯ ಎಂಜಿನ್ ಮಾತ್ರ ಗುರುಗುಡುತ್ತಿತ್ತು.

ಲೋತ್ ರಾಮನ ಎಡಕ್ಕೆ ದೇವದಾರುಗಳ ನಡುವೆ ಇಳಿಯುವ ಹಳೆಯ ದಾರಿ, ಬಲಕ್ಕೆ ರಸ್ತೆಯ ಮೆಟ್ಟಿಲು. ಒಂದು ಹೆಜ್ಜೆ ಎಡಕ್ಕೆ ಇಟ್ಟರೆ ಸಾಕು. ಎಡಗಾಲು ಗಟ್ಟಿಯಿದೆ. ಯಾರಿಗೂ ತಿಳಿಯದು. ಮೊಣಕಾಲು ಕೆಡಿಸಿದ್ದನ್ನು ಕಾಲೇ ಸರಿಮಾಡಿದ ಹಾಗಾಗುತ್ತದೆ. ಆದರೆ ಅವತ್ತಿನದು ತಾನಾಗಿ ಆದದ್ದು. ಇವತ್ತು ಇಟ್ಟರೆ ತಾನು ಇಟ್ಟದ್ದು. ಅಪ್ಪ ಹೊತ್ತ ಕೋಲು, ಅಜ್ಜ ಹೊತ್ತ ಕೋಲು. ಅವರಲ್ಲಿ ಯಾರಾದರೂ ಹೀಗೆ ಒಂದು ಹೆಜ್ಜೆ ಕದ್ದಿದ್ದರೇ? ಕದ್ದಿದ್ದರೆ ಅದನ್ನು ಯಾರಿಗೆ ಹೇಳಿದರು?

ಅಕ್ಕ ಮೆಲ್ಲಗೆ ಒಂದು ಕಡೆ ವಾಲುತ್ತಿದ್ದಳು. ಕೈ ಮುಗಿದೇ ಇದ್ದಳು, ಆದರೆ ಕೋಲಿಲ್ಲದೆ ಅವಳಿಗೆ ನಿಲ್ಲಲಾಗುತ್ತಿರಲಿಲ್ಲ.

ಇಡುತ್ತೇನೆ, ಎಂದುಕೊಂಡ. ಎಡಗಾಲಿಗೆ ಭಾರ ತಂದ.

ಭಾರವೇ ಇರಲಿಲ್ಲ.

ಹಿಂದಿನಿಂದ ಯಾರೋ ಎತ್ತಿ ಹಿಡಿದಂತಾಯಿತು. ಎಡಕ್ಕೆ ಹೋಗಬೇಕಾಗಿದ್ದ ಕಾಲು ಬಲಕ್ಕೆ ಹೋಯಿತು. ಬಲಕ್ಕೆ, ಬಿಂದ್ರಾಳ ಪಕ್ಕದಿಂದ, ಅವಳ ಬೆನ್ನ ಹಿಂದೆ, ಮತ್ತೆ ಎದುರಿಗೆ. ಒಂದು ಪೂರ್ತಿ ಸುತ್ತು. ಡಾಬೇ ರಾಮ್ ಹಿಂದೆ ದಾಪುಗಾಲಿಡುತ್ತಿದ್ದ. ಆಮೇಲೆ ಪಲ್ಲಕ್ಕಿ ಮೆಲ್ಲಗೆ, ತೊಟ್ಟಿಲಿನ ಮೇಲೆ ಬಗ್ಗುವವರ ಹಾಗೆ ಬಾಗಿತು. ಚಮರಿಯ ಕಪ್ಪು ಕೂದಲು ಬಿಂದ್ರಾಳ ತಲೆಯ ಕೆಂಪು ಥಿಪ್ಪುವಿನ ಮೇಲೆ ಹರಡಿ ನಿಂತಿತು. ಬಾಗಿದಾಗ ಲೋತ್ ರಾಮನ ಬಲ ಮೊಣಕಾಲು ಪೂರ್ತಿ ಮಡಚಿತ್ತು. ನೋವಿರಲಿಲ್ಲ. ಮತ್ತೆ ಪಲ್ಲಕ್ಕಿ ಎದ್ದು, ಎಡಕ್ಕೆ ತಿರುಗಿ, ಓಡುವ ಹಾಗೆ ದೇವದಾರುಗಳ ದಾರಿ ಹಿಡಿಯಿತು.

"ಮಹಾರಾಜ್! ಗಾಡಿ!" ಫತೇ ಚಂದ್ ಟೋಪಿ ಹಿಡಿದುಕೊಂಡು ಕೂಗಿದ. "ಅವತ್ತು ಹೌದು ಅಂದೆಯಲ್ಲ!"

ಗೂರ್ ಖ್ಯಾಲೂ ಅವನ ಭುಜದ ಮೇಲೆ ಕೈಯಿಟ್ಟ. "ಅವತ್ತು ನೀನು ಕೇಳ್ದೆ. ಇವತ್ತು ಮಗಳು ಕೇಳಿದ್ಲು. ಮಗಳು ಕೇಳಿದ್ಮೇಲೆ ಅಪ್ಪ ಮಾತು ಬದಲಾಯಿಸೋದನ್ನ ನೋಡೇ ಇಲ್ವೇನೋ? ನಿನ್ನ ಮಗಳನ್ನ ಶಿಮ್ಲಾಕ್ಕೆ ಓದೋಕ್ಕೆ ಕಳಿಸಲ್ಲ, ಕಳಿಸಲ್ಲ ಅಂತ ಮೀಸೆ ತಿರುವಿದವನು ನೀನೇ. ಬಸ್‌ಸ್ಟ್ಯಾಂಡಲ್ಲಿ ಅವಳ ಟ್ರಂಕು ಹೊತ್ತವನೂ ನೀನೇ."

ಊರೇ ನಕ್ಕಿತು. ಕಹಳೆಯವರು ಮಾತ್ರ ನಗಲಿಲ್ಲ. ಗಾಡಿಯಿಂದ ತಮ್ಮ ಗಂಟುಗಳನ್ನು ಎಳೆದುಕೊಂಡು, ಶಪಿಸುತ್ತ, ಊದುತ್ತ, ದೇವರ ಹಿಂದೆ ಓಡಿದರು.

ಸಿಂಗರಿಸಿದ ಗಾಡಿ ಖಾಲಿ ಹೋಗುವುದು ಅಪಶಕುನವೆಂದು ಯಾರೋ ಅಂದರು. ಹಾಗಾಗಿ ದೊಡ್ಡ ಪಾತ್ರೆಗಳು, ಅಕ್ಕಿ ಮೂಟೆ ಹಿಂದೆ ಏರಿದವು. ಮುಂದಿನ ಸೀಟಿನಲ್ಲಿ, ಮಹಾರಾಜನಿಗೆಂದು ಹಾಕಿದ್ದ ಹಾರದ ಕೆಳಗೆ, ಬಿಂದ್ರಾ ಕೋಲನ್ನು ಮಡಿಲಲ್ಲಿಟ್ಟು ಕೂತಳು. ಅವಳು ಘಾಟೂಲಿಯ ಎದುರು ರಸ್ತೆಯಲ್ಲಿಳಿದು, ಹಳ್ಳ ದಾಟಿ, ಬೇಗ ಹೋಗಿ ಅಂಗಳ ಸಾರಿಸಬೇಕಿತ್ತು.

* * *

ಜಲೋರಿಯ ಏರಿನಲ್ಲಿ ಪಲ್ಲಕ್ಕಿಯನ್ನು ಕಲ್ಲಿನ ಮೇಲಿಳಿಸಿ ಎಲ್ಲರೂ ಉಸಿರು ತೆಗೆದುಕೊಳ್ಳುವಾಗ ಡಾಬೇ ರಾಮ್ ಪಕ್ಕಕ್ಕೆ ಬಂದು ಬೀಡಿ ಹಚ್ಚಿದ.

"ಒಳ್ಳೇ ಕೆಲ್ಸ ಮಾಡ್ದೆ."

"ಯಾವ ಕೆಲ್ಸ?"

"ನನ್ನ ಹತ್ರ ಬೇಡ ಭಾಯ್. ಹಿಂದೆ ನಿಂತವನಿಗೆ ದೇವರ ಮುಖ ಕಾಣಲ್ಲ. ಪಲ್ಲಕ್ಕಿ ಕೆಳಗಿಂದ ಕಾಣೋದು ನಿನ್ನ ಕಾಲು, ಅಷ್ಟೇ. ಇಷ್ಟು ವರ್ಷದಿಂದ ನೋಡ್ತಿದ್ದೀನಿ, ಆ ಬಲಗಾಲು ಅವತ್ತು ಏನ್ಮಾಡ್ತು ಅಂತ ನಂಗೊತ್ತಿಲ್ವಾ?"

"ಮತ್ತೆ ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ಕೋಲು ಫತೇ ಚಂದನ ಮಗನಿಗೆ ಹೋಗ್ತಿತ್ತು. ಮಿಕ್ಕ ಜನ್ಮವೆಲ್ಲ ಅವನ ಕಾಲಿನ ಹಿಂದೆ ನಡೀಬೇಕಿತ್ತು ನಾನು. ಅವನ ಕಾಲು ನಾರುತ್ತೆ." ಅವನು ಹೊಗೆ ಬಿಟ್ಟ. "ಹೋಗ್ಲಿ ಬಿಡು. ಅವತ್ತಿನದಕ್ಕೆ ಇವತ್ತಿನದು ಸರಿಹೋಯ್ತು. ಏನು ಎಳೆದೆ ಮಾರಾಯ! ಆ ಸುತ್ತು ಹೊಡೆದೆಯಲ್ಲ, ನಂಗೇ ಒಂದು ಗಳಿಗೆ ಮಹಾರಾಜನೇ ಅನ್ನಿಸ್ತು."

ಲೋತ್ ರಾಮ್ ಅವನ ಮುಖ ನೋಡಿದ. ಡಾಬೇ ರಾಮ್ ಕಣ್ಣು ಹೊಡೆದ. ಏನೋ ಹೇಳಬೇಕೆಂದು ಲೋತ್ ರಾಮ್ ಬಾಯಿ ತೆರೆದ; ಕಣಿವೆಯ ಗಾಳಿ ಬಾಯಿಗೆ ನುಗ್ಗಿತು. ಆಗಲೇ ನಗಾರಿ ಬಡಿದರು, ಹೊರಡಬೇಕಾಯಿತು.

ಕಣಿವೆಯ ನೆತ್ತಿಯಲ್ಲಿ ದೇವಿಯ ಗುಡಿಗೆ ಬಾಗಿ, ಆಚೆ ಇಳಿದರು. ಮೊಣಕಾಲು ಮತ್ತೆ ನೋಯತೊಡಗಿತ್ತು. ಇಳಿಜಾರಿನ ಒಂದೊಂದು ಹೆಜ್ಜೆಗೂ ಬಟ್ಟೆಯೊಳಗೆ ಕಟಕಟ ಅನ್ನುತ್ತಿತ್ತು. ಶೋಜಾ ದಾಟಿದಮೇಲೆ ಕೆಳಗೆ ಬಣ್ಣಬಣ್ಣದ ಥಿಪ್ಪುಗಳು ಕಂಡವು. ಘಾಟೂಲಿಯ ಅಂಗಳದಲ್ಲಿ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಅಂಗಳ ಹಸಿಯಾಗಿತ್ತು. ಒಬ್ಬ ಮುದುಕಿ ಪಲ್ಲಕ್ಕಿಯ ಕೋಲಿಗೆ ಹಣೆ ಹಚ್ಚಿ, "ಇಷ್ಟು ತಡವಾ? ತಿಂಡಿ ಆರಿಹೋಯ್ತು" ಎಂದು ದೇವರನ್ನೇ ಗದರಿದಳು.

ಸಿಡ್ಡು ತಿಂದಮೇಲೆ, ಇನ್ನೂ ಬಿಸಿಲಿರುವಾಗಲೇ, ಲೋತ್ ರಾಮ್ ಫತೇ ಚಂದನ ಬಳಿ ಹೋಗಿ ಕೂತ. ಫತೇ ಚಂದ್ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡಿದ್ದ. ಗಾಡಿ ಬಿಟ್ಟು, ಹಟ ಹಿಡಿದು, ನಡೆದೇ ಬಂದಿದ್ದ.

"ಕಾರದಾರ್‌ಜೀ, ಬರೋ ವರ್ಷದಿಂದ ಮುಂದಿನ ಹೆಗಲು ನಿಮ್ಮ ಮಗ ತಗೊಳ್ಲಿ. ಈ ಸಲ ದಾರಿಯಲ್ಲಿ ನಾನು ಕಲಿಸ್ತೀನಿ."

ಫತೇ ಚಂದನ ಕಾಲು ಬೋಗುಣಿಯಲ್ಲೇ ನಿಂತಿತು. "ಯಾಕೋ? ನಿಂಗೇನಾಗಿದೆ?"

"ವಯಸ್ಸಾಯ್ತು."

"ಅಯ್ಯೋ ನನ್ನ ಮೂಗಿನ ಗತಿ!" ದೂರದಿಂದ ಡಾಬೇ ರಾಮ್ ಕೂಗಿದ. ಯಾಕೆಂದು ಯಾರಿಗೂ ತಿಳಿಯಲಿಲ್ಲ.

"ಒಂದು ಆಡೂ ಕೊಡ್ತೀನಿ," ಲೋತ್ ರಾಮ್ ಅಂದ. ಪಕ್ಕದಲ್ಲೇ ಕೂತಿದ್ದ ಗೂರ್ ಖ್ಯಾಲೂ ತಲೆ ಎತ್ತಿದ.

"ಆಡು ಯಾತಕ್ಕೋ?"

"ಸುಮ್ನೆ."

"ಸುಮ್ನೆ ಕೊಟ್ಟದ್ದು ರುಚಿ ಜಾಸ್ತಿ," ಎಂದು ಮುದುಕ ಲುಗ್ಡಿಯ ಬಟ್ಟಲು ಮುಂದೆ ಚಾಚಿದ.

ಬಿಂದ್ರಾ ಚುಲ್ಲಿ ಎಣ್ಣೆಯ ಬಟ್ಟಲು ಹಿಡಿದು ಬಂದಳು. ಜಗಲಿಯ ಮೇಲೆ ಕೂರಿಸಿ, ಏನೂ ಕೇಳದೆ, ಬಲಗಾಲನ್ನೇ ಎಳೆದುಕೊಂಡಳು. ಸುತ್ತಿದ್ದ ಬಟ್ಟೆ ಬಿಚ್ಚಿದಳು. ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಅವಳು ಅದನ್ನು ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ಎಣ್ಣೆ ತಿಕ್ಕತೊಡಗಿದಳು. ಅವಳ ಕೈ ಅವ್ವನ ಕೈಯಂತೆ ಒರಟಾಗಿತ್ತು.

"ಮಹಾರಾಜ ನನ್ನ ತಲೆ ಮುಟ್ಟಿದ ಕಣೋ," ಅಂದಳು. "ಮುಟ್ಟಿದ್ದು ಇನ್ನೂ ಹಾಗೇ ಇದೆ."

"ಹೂಂ."

"ನೀನೇನಾದ್ರೂ ಮೊದಲೇ ಅವನ ಕಿವಿಯಲ್ಲಿ ಹೇಳಿದ್ಯಾ?"

ಅವನು ನಕ್ಕ. ಅವಳೂ ನಕ್ಕಳು. ಅಂಗಳದಲ್ಲಿ ಹೆಣ್ಣುಮಕ್ಕಳು ಕೈ ಕೈ ಹಿಡಿದು ನಾಟಿ ಕುಣಿತಕ್ಕೆ ಸಾಲು ಕಟ್ಟುತ್ತಿದ್ದರು.

ಮೊದಲ ಸಲ ಬಾಗಿದ್ದು ತನ್ನ ಮೊಣಕಾಲು ಎಂದು ಲೋತ್ ರಾಮ್ ಅಕ್ಕನಿಗೆ ಎಂದೂ ಹೇಳಲಿಲ್ಲ. ಎರಡನೆಯ ಸಲ ತಾನು ಎಳೆದಿರಲಿಲ್ಲವೆಂದು ಡಾಬೇ ರಾಮನಿಗೂ ಹೇಳಲಿಲ್ಲ.